ಚಿಕ್ಕಮಗಳೂರಲ್ಲಿ ಅಡುಗೆಮನೆ ಇರೋ ರೂಮು: ಮೊದಲು ಪ್ಲಗ್ ಪಾಯಿಂಟ್ ನೋಡಿ

ಕಡಿಮೆ ಬಾಡಿಗೆಯ ರೂಮಲ್ಲಿ ಅಡುಗೆಮನೆ ಅಂದ್ರೆ ಸಾಮಾನ್ಯವಾಗಿ ಇಂಡಕ್ಷನ್ ಒಲೆ, ಸಿಂಕು, ನಾಲ್ಕು ಪಾತ್ರೆ. ಅಡ್ವಾನ್ಸ್ ಕೊಡೋ ಮುಂಚೆ ಪ್ಲಗ್ ಪಾಯಿಂಟ್ ನೋಡಿ. 2000 ವ್ಯಾಟ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತೆ. 6 ಆಂಪಿಯರ್ ಸಾಕೆಟ್‌ಗೆ ಹಾಕಿದ್ರೆ ಪಿನ್ ಕಾದು ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತೆ. 16 ಆಂಪಿಯರ್ ಪಾಯಿಂಟ್ ಇಲ್ಲದಿದ್ರೆ 1200 ವ್ಯಾಟ್ ದಾಟಿಸಬೇಡಿ.

ತಳಕ್ಕೆ ಅಯಸ್ಕಾಂತ ಅಂಟದ ಪಾತ್ರೆ ಇಂಡಕ್ಷನ್‌ಗೆ ಆಗಲ್ಲ. ಹಳೇ ಅಲ್ಯೂಮಿನಿಯಂ ಕುಕ್ಕರ್ ಹೊತ್ತು ತರೋದು ದಂಡ.

ಊರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗಿಂತ ಎತ್ತರ, ನೀರು 96–97 ಡಿಗ್ರಿಗೇ ಕುದಿಯುತ್ತೆ. ತೆರೆದ ಪಾತ್ರೇಲಿ ತೊಗರಿಬೇಳೆ ಇಟ್ರೆ ಮಧ್ಯಾಹ್ನದ ಊಟ ಸಂಜೆಗೇ! ಅರ್ಧ ಗಂಟೆ ನೆನೆಸಿ, ಇಲ್ಲ ಹೆಸರುಬೇಳೆ ತನ್ನಿ. ಮಳೆಗಾಲದಲ್ಲಿ ಕರೆಂಟ್ ನಂಬೋ ಹಾಗಿಲ್ಲ, ಅವಲಕ್ಕಿ, ಮೊಸರು ಇಟ್ಕೊಂಡಿರಿ.