ಮೆಕ್ಸಿಕೊದಿಂದ ಮೊಂತೆವಿದೆಯೊ ತನಕ ಬೈಗುಳ ಕೇಳ್ಕೊಂಡು

ಮೆಕ್ಸಿಕೊ ಸಿಟಿಯ ಕೊಯೊವಕಾನ್ ಮಾರ್ಕೆಟ್ ಒಳಗೆ ಕಾಲಿಟ್ರೆ ಸಾಕು, ತೊಸ್ತಾದಾ, ಅಂದ್ರೆ ಗರಿಗರಿ ಜೋಳದ ರೊಟ್ಟಿ, ಮಾರೋ ಹೆಂಗಸರು ಎಲ್ಲಾ ಕಡೆಯಿಂದ 'ಪಾಸೆಲೆ ಗ್ವೆರೋ, ಪಾಸೆಲೆ' ಅಂತ ಕೂಗೋಕೆ ಶುರು. ಅಲ್ಲಿನ ಸ್ಪ್ಯಾನಿಷಲ್ಲಿ ಪಾಸೆಲೆ ಅಂದ್ರೆ ಬನ್ನಿ, ಗ್ವೆರೋ ಅಂದ್ರೆ ಬೆಳ್ಳಗಿರೋ ಹುಡುಗ, ಹೊಂಬಣ್ಣದ ಕೂದ್ಲವನು. ನಂದೋ, ನೆಂಟ್ರೆಲ್ಲ 'ಸ್ವಲ್ಪ ಕಪ್ಪು, ಆದ್ರೂ ಲಕ್ಷಣವಾಗಿದಾನೆ' ಅಂತ ಹೇಳ್ಕೊಂಡು ಬಂದಿರೋ ಬಣ್ಣ. ಆದ್ರೆ ಅಲ್ಲಿ ಗಿರಾಕಿ ಅಂದ್ಮೇಲೆ ಎಲ್ರೂ ಗ್ವೆರೋನೇ, ಮಾರ್ಕೆಟ್ ಬಿಟ್ಟು ಆಚೆ ಬಂದ್ಮೇಲೆ ಒಬ್ಬರೂ ಹಾಗೆ ಕರೀಲಿಲ್ಲ.

ಉಳ್ಕೊಂಡಿದ್ದು ಅಲ್ಲೇ ಕೆಲಸದಲ್ಲಿರೋ ಫ್ರೆಂಡ್ ಮನೇಲಿ. ಮೆಟ್ರೋ ಹತ್ತಿದ್ರೆ ಕಾಲೇಜ್ ಹುಡುಗ್ರ ಬಾಯಲ್ಲಿ ಮಾತು ಮಾತಿಗೂ 'ವೇಯ್', ಹುಡ್ಗೀರೂ ಹುಡ್ಗೀರನ್ನ ಹಂಗೇ ಕರೀತಾರೆ. ಮೂಲದಲ್ಲಿ ಬೀಜ ಒಡೆದ ಎತ್ತು ಅಂತ, ಅದ್ರಿಂದ ದಡ್ಡ ಅನ್ನೋ ಬೈಗುಳ ಆಯ್ತು, ಈಗ ಹೆಚ್ಚುಕಮ್ಮಿ ನಮ್ ಬೆಂಗ್ಳೂರ್ ಹುಡುಗ್ರ 'ಮಗಾ' ಥರ. ಫ್ರೆಂಡ್ ಮನೆ ಓನರ್ ಅಜ್ಜಿಗೆ ಒಬ್ಬ ಮೊಮ್ಮಗ ಇದಾನೆ, ಫೋನಲ್ಲಿ ದೋಸ್ತನ ಜೊತೆ ವೇಯ್ ವೇಯ್ ಅಂತ ಹರಟ್ತಾ ಇದ್ದೋನು, ಅಜ್ಜಿ ಊಟಕ್ಕೆ ಕರೆದಾಗ ಅದೇ ಗುಂಗಲ್ಲಿ 'ಬಂದೆ ವೇಯ್' ಅಂದ್ಬಿಟ್ಟ. ಅಜ್ಜಿ ಏನೂ ಮಾತಾಡ್ಲಿಲ್ಲ, ಬಗ್ಗಿ ಕಾಲಿಂದ ಚಾಂಕ್ಲಾ, ಅಂದ್ರೆ ಹವಾಯಿ ಚಪ್ಪಲಿ, ತೆಗೆದು ಟೇಬಲ್ ಮೇಲೆ ಸಾಲ್ಸಾ ಬಟ್ಲು ಪಕ್ಕದಲ್ಲಿ ಇಟ್ರು. ಹುಡುಗ ಫೋನ್ ಇಟ್ಟು ಬಂದು ಕೂತ, ಊಟ ಮುಗಿಯೋವರ್ಗೂ ಉಸಿರೆತ್ತಲಿಲ್ಲ.

ಅಲ್ಲಿಂದ ಕೊಲಂಬಿಯಾದ ಬೊಗೊತಾ. 2,600 ಮೀಟರ್ ಎತ್ತರದ ಊರು, ಹಗಲಲ್ಲೂ ಸ್ವೆಟರ್ ಬೇಕು. ಬೇಕರಿಗೆ ಹೋದ್ರೆ ಜನ ಕೌಂಟರಲ್ಲಿ 'ಒಂದು ತಿಂತೋ ಗಿಫ್ಟ್ ಕೊಡಿ' ಅಂತ ಕೇಳ್ತಾರೆ, ಗಿಫ್ಟೂ ಇಲ್ಲ ಏನೂ ಇಲ್ಲ, ದುಡ್ಡು ಕೊಟ್ಟೇ ಕುಡೀತಾರೆ, ಅದು ವಿನಯ ಅಷ್ಟೇ. ತಿಂತೋ ಇಲ್ಲಿ ಬ್ಲ್ಯಾಕ್ ಕಾಫಿ, ಸ್ಪೇನಲ್ಲಿ ಕೇಳಿದ್ರೆ ರೆಡ್ ವೈನ್ ಬರುತ್ತೆ. ಗಂಡ ಹೆಂಡ್ತೀನೂ ಒಬ್ರಿಗೊಬ್ರು 'ಉಸ್ತೆದ್', ಅಂದ್ರೆ ನೀವು ಅಂತಲೇ ಮಾತಾಡೋ ಊರು ಇದು, ಆದ್ರೆ ಅದೇ ಊರಲ್ಲಿ ಪಕ್ಕದ ಟೇಬಲ್ಲಿನ ಯೂನಿವರ್ಸಿಟಿ ಹುಡ್ಗೀರು ಒಬ್ಬರನ್ನೊಬ್ಬರು 'ಮಾರಿಕಾ' ಅಂತ ಕರ್ಕೊಂಡು ಬಿದ್ದು ಬಿದ್ದು ನಗ್ತಿದ್ರು. ಸ್ಪೇನಲ್ಲಿ ಅದು ಗೇ ಗಂಡಸರಿಗೆ ಹಾಕೋ ಕೆಟ್ಟ ಬೈಗುಳ. ಕೊಲಂಬಿಯಾದಲ್ಲೂ ಗುರುತಿಲ್ಲದವನು ಹಲ್ಲು ಕಚ್ಚಿ ಅಂದ್ರೆ ಜಗಳ ಗ್ಯಾರಂಟಿ. ಯೂಟ್ಯೂಬಲ್ಲಿ 'ಲೋಕಲ್ ಥರ ಮಾತಾಡಿ' ಅಂತ ಇಂಥ ಪದಗಳನ್ನೆಲ್ಲ ಕಲಿಸೋ ವಿಡಿಯೋಗಳು ರಾಶಿ ಇವೆ, ನನ್ನ ಕೇಳಿದ್ರೆ ಅವೆಲ್ಲ ದಂಡ. ಅರ್ಥ ಹೇಳ್ಕೊಡ್ಬಹುದು, ಸಲಿಗೆ ಎಲ್ಲಿಂದ ತರ್ತಾರೆ.

ಚಿಲಿಯ ಸಾಂತಿಯಾಗೊದಿಂದ ಅರ್ಜೆಂಟೀನಾದ ಮೆಂದೋಸಾಗೆ ಬಸ್ಸಲ್ಲೇ ಹೋಗಿ, ದಯವಿಟ್ಟು ಫ್ಲೈಟ್ ಬೇಡ. ಕಾರಾಕೋಲೆಸ್ ಅನ್ನೋ ತಿರುವುಗಳಲ್ಲಿ ಆಂಡಿಸ್ ಹತ್ತೋದು, ಗಡಿ ದಾಟಿದ್ಮೇಲೆ ಮೋಡ ಇಲ್ದಿದ್ರೆ 6,961 ಮೀಟರಿನ ಅಕೊಂಕಾಗ್ವಾ ಶಿಖರ ಕಿಟಕೀಲೇ ಸಿಗುತ್ತೆ. ನಾನು ಮುಂದಿನ ಸೀಟಲ್ಲಿದ್ದೆ, ಡ್ರೈವರ್ರೂ ಅಸಿಸ್ಟೆಂಟೂ ದಾರಿಯುದ್ದಕ್ಕೂ 'ವೆಓನ್'. ಮೊಟ್ಟೆ ಅನ್ನೋ ಪದದಿಂದ ಬಂದಿದ್ದು, ಯಾವ ಮೊಟ್ಟೆ ಅಂತ ನೀವೇ ಊಹಿಸ್ಕೊಳ್ಳಿ. ಮೆಕ್ಸಿಕೊದಲ್ಲಿ ಅದೇ ಪದಕ್ಕೆ ಸೋಮಾರಿ ಅಂತ ಅರ್ಥ, ಚಿಲಿಯಲ್ಲಿ ಗೆಳೆಯನೂ ಅದೇ, ಪೆದ್ದನೂ ಅದೇ, ಮುಂದೆ ಅಡ್ಡ ಬಂದ ಲಾರಿಯವನೂ ಅದೇ. ಗಡಿ ಚೆಕ್‌ಪೋಸ್ಟಲ್ಲಿ ಆಫೀಸರ್ ಬಸ್ ಹತ್ತಿದ ತಕ್ಷಣ ಅದೇ ಡ್ರೈವರ್ ಬಾಯಲ್ಲಿ 'ಕಬಾಯೆರೊ', ಅಂದ್ರೆ ಮಹನೀಯರೇ. ಆಫೀಸರ್ ಇಳಿದು ಬಾಗಿಲು ಹಾಕಿದ್ದೇ ತಡ, ಅವರೂ ವೆಓನ್ ಆದ್ರು.

ಬ್ಯೂನಸ್ ಐರಿಸಲ್ಲಿ ಆ ಜಾಗ 'ಬೊಲುದೊ'ಗೆ, ಅದೂ ಪೆದ್ದನೂ ಹೌದು, ಗೆಳೆಯನೂ ಹೌದು. 2013ರಲ್ಲಿ ಅರ್ಜೆಂಟೀನಾ ಅಂದ್ರೆ ಈ ಪದಾನೇ ಅಂತ ಆರಿಸಿದ್ದು ಕವಿ ಹುವಾನ್ ಹೆಲ್ಮನ್, ಯಾರೋ ಪೋಲಿ ಹುಡುಗ ಅಲ್ಲ. ಇನ್ನೊಂದು ವಿಷ್ಯ, ಸ್ಪೇನಲ್ಲಿ ಬಸ್ ಹಿಡಿಯೋಕೆ ಬಳಸೋ 'ಕೊಹೆರ್' ಇಲ್ಲಿ ಮಂಚದ ಮಾತು, ಹಾಗಾಗಿ ಇಲ್ಲಿ ಬಸ್ಸಿಗೆ 'ತೊಮಾರ್' ಅಂತಾರೆ.

ಕೊನೆಗೆ ಫೆರಿಯಲ್ಲಿ ಉರುಗ್ವೆಯ ಕೊಲೊನಿಯಾ, ಅಲ್ಲಿಂದ ಬಸ್ಸಲ್ಲಿ ರಾಜಧಾನಿ ಮೊಂತೆವಿದೆಯೊ. ಇಲ್ಲಿ ಬಂದ್ಮೇಲೆ ಈ ದೇಶದ ಫುಟ್‌ಬಾಲ್ ಆಟಗಾರ ಕವಾನಿ ವಿಷ್ಯ ಎತ್ತದೆ ಇರೋಕಾಗಲ್ಲ. 2020ರ ನವೆಂಬರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪರ ಎರಡು ಗೋಲು ಹೊಡೆದ ಮೇಲೆ, ಅಭಿನಂದನೆ ಹೇಳಿದ ಫ್ರೆಂಡಿಗೆ ಇನ್‌ಸ್ಟಾಗ್ರಾಮಲ್ಲಿ 'ಗ್ರಾಸಿಯಾಸ್ ನೆಗ್ರಿತೊ', ಥ್ಯಾಂಕ್ಸ್ ಕರಿಯಾ ಅಂತ ಬರೆದಿದ್ದಕ್ಕೆ ಇಂಗ್ಲೆಂಡ್ ಫುಟ್‌ಬಾಲ್ ಅಸೋಸಿಯೇಷನ್ 3 ಮ್ಯಾಚ್ ನಿಷೇಧ, 1 ಲಕ್ಷ ಪೌಂಡ್ ದಂಡ ಹಾಕ್ತು. ಉರುಗ್ವೆಯ ಭಾಷಾ ಅಕಾಡೆಮಿನೇ ಇದು ಪ್ರೀತಿಯ ಮಾತು ಅಂತ ಪ್ರತಿಭಟಿಸ್ತು. ನಾನೂ ಅಕಾಡೆಮಿ ಕಡೆಗೇ ಇದ್ದೆ, ಕಾಂದೊಂಬೆ ಡೋಲಿನ ಬಡಾವಣೆ ಬಾರ್ರಿಯೊ ಸುರ್‌ನಲ್ಲಿ ಊಟಕ್ಕೆ ಕೂತಾಗ ಅಲ್ಲಿನ ಕಪ್ಪು ವೇಟರ್ ಹುಡುಗನ್ನ ಕೇಳೋವರ್ಗೂ. 'ನಮ್ಮಮ್ಮ ನನ್ನ ನೆಗ್ರೊ ಅಂತಾನೇ ಕರೆಯೋದು, ಕವಾನಿದೇನೂ ತಪ್ಪಿಲ್ಲ' ಅಂದ. ಮತ್ತೆ ಕಸ್ಟಮರ್ ಕರೆದ್ರೆ? 'ಯಾವ ಕಸ್ಟಮರ್ ಅಂತ ನೋಡ್ತೀನಿ. ಆ ಹಿಂದಿನ ಟೇಬಲಿನೋರು ಈಗ ಎರಡು ಸಲ ಕರೆದ್ರು, ನನಗೆ ಕೇಳಿಸ್ಲಿಲ್ಲ' ಅಂತ ಹೇಳಿ, ನಮ್ ಆರ್ಡರ್ ತರೋಕೆ ಆರಾಮಾಗಿ ಅಡುಗೆಮನೆ ಕಡೆ ಹೋದ.