ಸೊನ್ನೆ ಆಯಿಲ್ ಯಾರಾದ್ರೂ ಹಾಕ್ತಾರೇನೋ?

ಟ್ರಕ್ಕಿನ ಅಡಿಗೆ ಮಲ್ಕೊಂಡು ಆಯಿಲ್ ಇಳಿಸ್ತಿದ್ದೆ, ಫೋನ್ ಟೈರಿಗೆ ಒರಗಿಸಿಟ್ಟು ಅಪ್ಪಂಗೆ ವಿಡಿಯೋ ಕಾಲ್. ಅವ್ರು ಮೂವತ್ತು ವರ್ಷ ದಾವಣಗೆರೆ ಕಡೆ ಲಾರಿ ಓಡ್ಸಿದೋರು. ಪಕ್ಕದಲ್ಲಿದ್ದ ಡಬ್ಬಿ ಮೇಲೆ 0ಡಬ್ಲ್ಯೂ-40 ಅಂತಿದ್ದದ್ದು ನೋಡಿ, "ಏನೋ ಇದು, ಸೊನ್ನೆ ಆಯಿಲ್ ಯಾರಾದ್ರೂ ಹಾಕ್ತಾರೇನೋ, ನೀರಿದ್ದಂಗಿರುತ್ತೆ, ದಪ್ಪಂದು ಹಾಕು" ಅಂತ ಶುರು ಮಾಡಿದ್ರು.

ನಂದು 2021ರ ರ‍್ಯಾಮ್ ಟಿಆರ್‌ಎಕ್ಸ್ ಪಿಕಪ್, ಸೆಕೆಂಡ್ ಹ್ಯಾಂಡು. 6.2 ಲೀಟರ್ ಹೆಮಿ ಇಂಜಿನ್, ಮೇಲೆ ಅದಕ್ಕೆ ಜಾಸ್ತಿ ಗಾಳಿ ತುರುಕೋ ಸೂಪರ್‌ಚಾರ್ಜರ್, 702 ಹಾರ್ಸ್‌ಪವರ್. ಕಂಪನಿ ಹೇಳೋದೇ ಸಿಂಥೆಟಿಕ್ 0ಡಬ್ಲ್ಯೂ-40.

ಅಪ್ಪಂಗೆ ಹೇಳಿದ್ದಿಷ್ಟು: ಆ ಸೊನ್ನೆ ಚಳೀಲಿ ಸ್ಟಾರ್ಟ್ ಮಾಡೋವಾಗಿನ ಲೆಕ್ಕ ಅಷ್ಟೇ, ಇಂಜಿನ್ ಬಿಸಿಯಾದ್ಮೇಲೆ ಅದು ನಿಮ್ಮ ಲಾರಿಯ 15ಡಬ್ಲ್ಯೂ-40 ಥರಾನೇ 40ರ ಆಯಿಲ್ಲು. ನಾನಿರೋ ಡಲ್ಲಾಸಲ್ಲಿ ಏನ್ ಚಳಿ ಅಂತೀರಾ, 2021ರ ಫೆಬ್ರವರೀಲಿ ಮೈನಸ್ 19 ಆಗಿತ್ತು.

ಇನ್ನೊಂದು ತಪ್ಪು ತಿಳುವಳಿಕೆ ನಂಗೇ ಇತ್ತು. ಸೂಪರ್‌ಚಾರ್ಜರ್ ಬಿಸಿಗೆ ಆಯಿಲ್ ಸುಟ್ಟು ಹೋಗುತ್ತೆ ಅಂದ್ಕೊಂಡಿದ್ದೆ. ಇಂಜಿನ್ನಿನ ಬಿಸಿ ಹೊಗೇಲಿ ತಿರುಗೋ ಟರ್ಬೋದಲ್ಲಾದ್ರೆ ಇಂಜಿನ್ ಆಯಿಲ್ಲೇ ಅದರ ಬೇರಿಂಗಿಗೂ ಹೋಗ್ಬೇಕು, ಸುಡೋ ಭಯ ಇದೆ. ಇದು ಬೆಲ್ಟಲ್ಲಿ ತಿರುಗೋದು, ಇದರ ಗೇರಿಗೆ ಬೇರೆ ಆಯಿಲ್ ಒಳಗೇ ಸೀಲ್ ಆಗಿರುತ್ತೆ. ಕಷ್ಟ ಇರೋದು ಕೆಳಗೆ, ಇಂಜಿನ್ ಒಳಗೆ. ಜಾಸ್ತಿ ಗಾಳಿ, ಜಾಸ್ತಿ ಪೆಟ್ರೋಲ್, ಒಂದೊಂದು ಸಲ ಉರಿದಾಗ್ಲೂ ಪಿಸ್ಟನ್ನು ಕನೆಕ್ಟಿಂಗ್ ರಾಡ್ ಬೇರಿಂಗ್ ಮೇಲೆ ಗುದ್ದೋ ಗುದ್ದು ಜೋರು, ಅಲ್ಲಿ ಲೋಹಕ್ಕೂ ಲೋಹಕ್ಕೂ ಮಧ್ಯ ಇರೋದು ಕೂದಲಿಗಿಂತ ತೆಳುವಾದ ಆಯಿಲ್ ಪದರ ಒಂದೇ. ಅದಕ್ಕೇ ನಾನೀಗ ಡಬ್ಬಿ ಮುಂದಿನ ಹೆಸರಿಗಿಂತ ಎಚ್‌ಟಿಎಚ್‌ಎಸ್ ನೋಡೋದು, ಅಂದ್ರೆ 150 ಡಿಗ್ರೀಲಿ ಜೋರಾಗಿ ಉಜ್ಜಿದ್ರೂ ಎಷ್ಟು ದಪ್ಪ ಉಳಿಯುತ್ತೆ ಅನ್ನೋದು. 20ರ ಆಯಿಲ್ಲಿಗೆ ಕನಿಷ್ಠ 2.6 ಇದ್ರೆ ಸಾಕು, 0ಡಬ್ಲ್ಯೂ-40ಗೆ 3.5 ಇರ್ಲೇಬೇಕು.

ಇಷ್ಟೆಲ್ಲ ಭಾಷಣ ಬಿಗಿದು ಎದ್ದು ನೋಡ್ತೀನಿ, ಗಾಜಿನ ಮೂಲೇಲಿ ಹಿಂದಿನ ಓನರ್ ಮಾಡ್ಸಿದ್ದ ಆಯಿಲ್ ಚೇಂಜಿನ ಸ್ಟಿಕರ್ರು, ಅದ್ರಲ್ಲಿ 0ಡಬ್ಲ್ಯೂ-20! ಯಾವುದೋ ಹತ್ತು ನಿಮಿಷದ ಅಂಗಡಿಯೋರು ಮಾಮೂಲಿ 5.7 ಲೀಟರಿನ ರ‍್ಯಾಮ್ ಅಂದ್ಕೊಂಡು ಅದರ ಆಯಿಲ್ ಸುರಿದಿದ್ದಾರೆ, ನಾನು ಎರಡು ತಿಂಗಳು ಹಂಗೇ ಓಡ್ಸಿದ್ದೀನಿ, ಹೈವೇಲಿ ಒತ್ತಿದ್ದೂ ಇದೆ.

ಟ್ರೇಯಲ್ಲಿದ್ದ ಆಯಿಲ್ಲಿಗೆ ಬೆರಳದ್ದಿ ಉಜ್ಜಿ ನೋಡಿದೆ, ಅಪ್ಪ ಮಾಡೋ ಥರ. ಏನೂ ಗೊತ್ತಾಗ್ಲಿಲ್ಲ ಬಿಡಿ. ಇನ್ನೂ ಸಣ್ಣಗೆ ಸುರೀತಿದ್ದದ್ದನ್ನ ಒಂದು ಬಾಟ್ಲಿಗೆ ಹಿಡ್ದು ಲ್ಯಾಬಿಗೆ ಕಳ್ಸಿದೆ. ಎರಡು ವಾರಕ್ಕೆ ರಿಪೋರ್ಟ್ ಬಂತು, ಆಯಿಲ್ 20ರದ್ದೇ, ಆದ್ರೆ ಬೇರಿಂಗ್ ಸವೆದ್ರೆ ಕಾಣೋ ತಾಮ್ರ, ಸೀಸ ಎರಡೂ ನಾರ್ಮಲ್.

ಅಪ್ಪಂಗೆ ಹೇಳಿದ್ರೆ "ನಾನು ಅವತ್ತೇ ಹೇಳ್ಲಿಲ್ವಾ, ದಪ್ಪಂದು ಹಾಕು ಅಂತ" ಅಂದ್ರು.