ಮೂಕಿಯ ಭಾರ

ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡ ಮೇಲೆ ಅದಕ್ಕೊಂದು ಹಳೆಯ ಟ್ರೇಲರ್ ಹುಡುಕುವಾಗ ನಾನು ನೋಡಿದ್ದು ಎರಡೇ ಸಂಗತಿಗಳನ್ನು: ದೋಣಿ ಅದರ ಮೇಲೆ ಕೂರುತ್ತದೆಯೇ, ಮತ್ತು ಟ್ರೇಲರಿನ ತಗಡಿನಲ್ಲಿ ಕೊರೆದಿದ್ದ 500 ಕಿಲೋ ಎಂಬ ಅಂಕಿ. ದೋಣಿಯ ಕಾಗದದಲ್ಲಿ ತೂಕ 180 ಕಿಲೋ ಎಂದಿದ್ದುದರಿಂದ ಇನ್ನು ಯೋಚಿಸುವುದೇನೂ ಇಲ್ಲವೆಂದುಕೊಂಡೆ.

ಮೊದಲ ಸಲ ಎಳೆದುಕೊಂಡು ಹೊರಟಾಗ, ವೇಗ ಗಂಟೆಗೆ 45 ಕಿಲೋಮೀಟರ್ ತಲುಪುತ್ತಿದ್ದಂತೆಯೇ ಕನ್ನಡಿಯಲ್ಲಿ ದೋಣಿ ಎಡಕ್ಕೂ ಬಲಕ್ಕೂ ತೊನೆಯತೊಡಗಿತು. ಗಾಬರಿಯಲ್ಲಿ ಕಾಲು ಬ್ರೇಕಿನ ಕಡೆಗೆ ಹೋದರೂ, ಪಕ್ಕದಲ್ಲಿದ್ದ ತಮ್ಮ "ಬ್ರೇಕ್ ಒತ್ತಬೇಡಣ್ಣ, ಆಕ್ಸಿಲರೇಟರ್ ಬಿಡು ಸಾಕು" ಎಂದದ್ದು ನಮ್ಮನ್ನು ಕಾಪಾಡಿತು. ಅಲ್ಲಿಂದ ಸೈಕಲ್ಲಿನ ವೇಗದಲ್ಲಿ ಮನೆಗೆ ಮರಳಿದೆವು.

ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಈ ಕಾಯಿಲೆ ಹೊಸದಲ್ಲ. ಹಿಂದೆ ಭಾರ ಹೆಚ್ಚಾದರೆ ಮೂಕಿ, ಎಂದರೆ ಗಾಡಿಯ ಮುಂದಕ್ಕೆ ಚಾಚಿದ ಮರ, ಮೇಲೇಳುತ್ತದೆ. ದೋಣಿಯ ಟ್ರೇಲರಿನಲ್ಲಿ ಮೂಕಿಯ ತುದಿ, ಎಂದರೆ ವಾಹನದ ಹುಕ್ಕಿಗೆ ಕೂರುವ ಕಪ್ಲಿಂಗ್, ಒಟ್ಟು ತೂಕದ ಶೇಕಡಾ 5ರಿಂದ 10ರಷ್ಟನ್ನು ಹೊರಬೇಕು. ಅದಕ್ಕಿಂತ ಹಗುರವಾದರೆ ಟ್ರೇಲರ್ ತೊನೆಯುತ್ತದೆ, ಬಹಳ ಭಾರವಾದರೆ ಎಳೆಯುವ ವಾಹನದ ಹಿಂಭಾಗ ಕುಸಿದು ಸ್ಟೀರಿಂಗ್ ಹಗುರಾಗುತ್ತದೆ. ಸ್ನಾನದ ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನು ಹುಕ್ಕಿನ ಎತ್ತರಕ್ಕೆ ಬರುವಂತೆ ಮರದ ದಿಮ್ಮಿಯ ಮೇಲಿಟ್ಟು, ಟ್ರೇಲರನ್ನು ಸಮತಲವಾಗಿ ನಿಲ್ಲಿಸಿ, ಕಪ್ಲಿಂಗನ್ನು ಅದರ ಮೇಲೆ ಇಳಿಸಿದಾಗ ಮುಳ್ಳು 12ರಲ್ಲಿ ನಿಂತಿತು.

ಆಗ ಒಟ್ಟು ತೂಕದ ಲೆಕ್ಕಕ್ಕೆ ಕುಳಿತೆ. 180 ಎಂಬುದು ಬರಿಯ ಒಡಲಿನ ತೂಕ. ಎಂಜಿನ್ 50, ಪೆಟ್ರೋಲ್ ತುಂಬಿದ ಟ್ಯಾಂಕ್ 25, ಬ್ಯಾಟರಿ 20, ಲಂಗರು, ಹಗ್ಗ, ಹುಟ್ಟು, ಲೈಫ್ ಜಾಕೆಟ್‌ಗಳೆಲ್ಲ ಸೇರಿ ಮತ್ತೊಂದು 25. ತಗಡಿನ 500 ಕಿಲೋದಲ್ಲಿ ಟ್ರೇಲರಿನ ಸ್ವಂತ ತೂಕವಾದ 150 ಕಿಲೋವೂ ಸೇರಿದೆ ಎಂಬುದು ನನಗೆ ಹೊಳೆದದ್ದೇ ಅಂದು. ಧಾರಾಳವೆಂದು ನಂಬಿದ್ದ ಜಾಗದಲ್ಲಿ ಉಳಿದದ್ದು 50 ಕಿಲೋ. ದೊಡ್ಡ ಟ್ರೇಲರೇ ತರೋಣವೆಂದು ತಮ್ಮ ಹೇಳಿದ; ನಾನು ಒಪ್ಪಲಿಲ್ಲ. ತೀರ ಬಲವಾದ ಕಮಾನು ಪಟ್ಟಿಗಳು ಹಗುರ ದೋಣಿಗೆ ಬಗ್ಗುವುದಿಲ್ಲ, ರಸ್ತೆಯ ಪ್ರತಿ ಗುಂಡಿಯ ಪೆಟ್ಟನ್ನೂ ದೋಣಿಯ ತಳಕ್ಕೇ ದಾಟಿಸುತ್ತವೆ.

ನಿಜವಾದ ತಪ್ಪು ಕಂಡದ್ದು ಬಗ್ಗಿ ನೋಡಿದಾಗ. ಈ ಟ್ರೇಲರ್ ಮೊದಲು ಹನ್ನೆರಡು ಅಡಿಯ ದೋಣಿಯನ್ನು ಹೊರುತ್ತಿತ್ತು. ಹಾಗಾಗಿ ಮೂತಿಯನ್ನು ತಡೆಯುವ ವಿಂಚ್ ಕಂಬ (ದೋಣಿಯನ್ನು ಟ್ರೇಲರಿನ ಮೇಲೆ ಎಳೆದುಕೊಳ್ಳುವ ರಾಟೆಯ ಕಂಬ) ಹಿಂದೆಯೇ ಇದ್ದು, ಎಂಜಿನ್ ತೂಗುವ ಹಿಂಬದಿಯ ಹಲಗೆ ಆಸರೆಯ ಮರದ ಪಟ್ಟಿಗಳನ್ನು ದಾಟಿ ಒಂದು ಗೇಣಿನಷ್ಟು ಅಂತರದಲ್ಲಿ ತೂಗಾಡುತ್ತಿತ್ತು. ಪಟ್ಟಿ ಮುಗಿಯುವಲ್ಲಿ ತಳದ ತಗಡು ಬೆರಳಿಗೆ ತಿಳಿಯುವಷ್ಟು ತಗ್ಗಾಗಿತ್ತು. ಅತಿ ಭಾರದ ಜಾಗಕ್ಕೇ ಆಸರೆ ಇರಲಿಲ್ಲ.

ಅಚ್ಚನ್ನು ಹಿಂದಕ್ಕೆ ಸರಿಸುವುದೂ ಒಂದು ದಾರಿ, ಆದರೆ ಅದರ ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಮೇಲಾಗಿ ಅದರಿಂದ ಹಿಂಬದಿಗೆ ಆಸರೆ ಸಿಗುತ್ತಿರಲಿಲ್ಲ. ವಿಂಚ್ ಕಂಬವನ್ನೇ 20 ಸೆಂಟಿಮೀಟರ್ ಮುಂದಕ್ಕೆ ಸರಿಸಿ ಬಿಗಿದೆವು. ದೋಣಿಯನ್ನು ಎಳೆದಾಗ ಹಿಂಬದಿ ಸರಿಯಾಗಿ ಪಟ್ಟಿಗಳ ತುದಿಗೆ ಬಂದು ಕೂತಿತು, ಮುಳ್ಳು 28ಕ್ಕೆ ಏರಿತು. ಬ್ಯಾಟರಿಯನ್ನು ಮುಂದಿನ ಆಸನದ ಕೆಳಗೆ ಇಟ್ಟ ಮೇಲೆ 36, ಎಂದರೆ ಶೇಕಡಾ 8. ಸಂಜೆ ಅದೇ ರಸ್ತೆಯಲ್ಲಿ 60ರ ವೇಗದಲ್ಲಿಯೂ ದೋಣಿ ಅಲುಗಲಿಲ್ಲ.

ಆ ರಾತ್ರಿ ಮಳೆ ಸುರಿಯಿತು. ಬೆಳಿಗ್ಗೆ ಅಭ್ಯಾಸಬಲದಿಂದ ಮತ್ತೊಮ್ಮೆ ತೂಗಿದರೆ ಮುಳ್ಳು 24 ತೋರಿಸುತ್ತಿತ್ತು. ದೋಣಿಯೊಳಗೆ ಇಣುಕಿದೆ, ಎಂಜಿನ್ನಿನ ಬುಡದಲ್ಲಿ ಮಳೆಯ ನೀರು ಮಡುಗಟ್ಟಿತ್ತು. ತಳದ ಬಿರಡೆ ಬಿಚ್ಚಿದೆ. ನೀರು ಪೂರ್ತಿ ಬಸಿಯುವವರೆಗೆ ಇಬ್ಬರೂ ತೂಕದ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಳ್ಳು ನಿಧಾನವಾಗಿ 36ರ ಕಡೆಗೆ ಹೊರಳುವುದನ್ನು ನೋಡುತ್ತಿದ್ದೆವು.